ಕರಡಿಗೆ ಬಿಚ್ಚಿದ ಮಧ್ಯಾಹ್ನ

ನಮ್ಮ ಮನೆಗೂ ಸಾಲೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆಳಂದದ ದೊಡ್ಡ ವಾಡೆಯೊಂದನ್ನು ನಿಜಾಮ ಸರಕಾರದವರು ಹಿಡಿದು ಸಾಲೆ ಮಾಡಿದ್ದರು. ಅದೇ ವಾಡೆಯ ಬದಿಯ ತುಂಡು ಅಜ್ಜನ ಕಾಲದಿಂದ ನಮ್ಮ ಪಾಲಿಗೆ ಬಂದಿತ್ತು. ಹುಡುಗಿಯಾದ ನನ್ನನ್ನು ಸಾಲೆಗೆ ಕಳಿಸುವ ಮಾತೇ ಇರಲಿಲ್ಲ, ಆದರೆ ಸಾಲೆಯೇ ಗೋಡೆ ದಾಟಿ ನಮ್ಮ ಮನೆಗೆ ಬರುತ್ತಿತ್ತು. ಅವ್ವ ರೊಟ್ಟಿ ಬಡಿಯುವ ಸಪ್ಪಳ ಮತ್ತು ಆ ಕಡೆ ಹುಡುಗರು ಉರ್ದುವಿನಲ್ಲಿ ಮಗ್ಗಿ ಒದರುವ ಸಪ್ಪಳ ನನ್ನ ತಲೆಯಲ್ಲಿ ಇವತ್ತಿಗೂ ಬೇರೆಬೇರೆಯಾಗಿಲ್ಲ. ರೊಟ್ಟಿ ತಟ್ಟಲು ಕೂತರೆ ಈಗಲೂ ನನ್ನ ಬಾಯಲ್ಲಿ ದೋ ದೂನಿ ಚಾರ್ ಬರುತ್ತದೆ, ಸೊಸೆಯಂದಿರು ನಗುತ್ತಾರೆ. ಕೂತಲ್ಲಿ ಕೂಡಲಾರದ ಮುದುಕಿ ಎಂದು ಅವರು ನನ್ನನ್ನು ಆಡಿಕೊಳ್ಳುವುದೂ ಉಂಟು. ಆ ಮನೆಯಲ್ಲಿ ಬೆಳೆದವರು ಯಾರು ತಾನೇ ಕೂತಲ್ಲಿ ಕೂತಾರು? ಗೋಡೆಯ ಆಚೆ ಒಬ್ಬ ಹುಡುಗ ಏಟು ತಿಂದರೆ ಈಚೆ ನನ್ನ ಅಂಗೈ ಉರಿಯುತ್ತಿತ್ತು. ಆಚೆ ಗದ್ದಲ ನಿಂತುಹೋದರೆ ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು, ಯಾಕೆಂದರೆ ಆ ಹುಡುಗರ ನಡುವೆ ನಮ್ಮ ಅಣ್ಣನೂ ಇದ್ದ.

ಮನೆ ಎಂದರೆ ಕಂಬಗಳ ಒಂದು ಪಡಸಾಲೆ, ಅದರ ಹಿಂದೆ ಹಗಲಿನಲ್ಲೂ ದೀಪ ಬೇಡುವ ಅಡುಗೆಮನೆ, ಪಕ್ಕಕ್ಕೆ ಬಚ್ಚಲು, ಮೂಲೆಯಲ್ಲಿ ದೇವರ ಕೋಣೆ, ಮೇಲೆ ಮಣ್ಣಿನ ಮಾಳಿಗೆ. ಈ ಇಷ್ಟೂ ಜಾಗ ಅಪ್ಪನ ನೇಮಕ್ಕೆ ತಕ್ಕಂತೆ ನಡೆಯುತ್ತಿತ್ತು. ಅಪ್ಪನಿಗೆ ಪೇಟೆಯಲ್ಲಿ ಅರಿವೆ ಅಂಗಡಿ. ಊರಿಗೆಲ್ಲ ಗುರಣ್ಣ ಸೇಠ್. ಬೆಳಿಗ್ಗೆ ಜಳಕ ಮಾಡಿ, ಕೊರಳಿನ ಬೆಳ್ಳಿಯ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ಪೂಜೆ ಮುಗಿಸುವ ತನಕ ಆತ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಸಂಜೆ ಮತ್ತೆ ಹಾಗೆಯೇ. ಆ ಹೊತ್ತಿನಲ್ಲಿ ಬೆಕ್ಕು ಕೂಡ ಒಳಗೆ ಬರಲು ಹೆದರುತ್ತಿತ್ತು. ಮನೆಯ ಪ್ರತಿಯೊಬ್ಬರ ಕೊರಳಲ್ಲೂ ಲಿಂಗವಿತ್ತು. ನನ್ನದು ಚಿಕ್ಕ ಕರಡಿಗೆ, ಓಡುವಾಗ ಎದೆಗೆ ಬಡಿಯುತ್ತಿತ್ತು. ಲಿಂಗ ಮೈಮೇಲಿಂದ ದೂರವಾಗಬಾರದು, ಕಳೆಯಲಂತೂ ಬಾರದು. ಕಳೆದರೆ ಏನಾಗುತ್ತದೆ ಎಂಬುದಕ್ಕೆ ಅಪ್ಪನ ಬಾಯಲ್ಲಿ ಜೇವರ್ಗಿ ಕಡೆಯ ನಮ್ಮ ಒಬ್ಬ ಸಂಬಂಧಿಕನ ಕಥೆ ಸದಾ ಸಿದ್ಧವಾಗಿರುತ್ತಿತ್ತು. ಆತ ಜಾತ್ರೆಗೋ ಎಲ್ಲಿಗೋ ಹೋದಾಗ ಲಿಂಗ ಕಳೆದುಕೊಂಡು, ಮರೆಮಾಚಿ ಉಂಡು ತಿರುಗಿದನಂತೆ. ಗೊತ್ತಾದ ದಿನದಿಂದ ಅಪ್ಪ ಆತನ ಪಂಕ್ತಿಯಲ್ಲಿ ಎಂದೂ ಊಟಕ್ಕೆ ಕೂಡಲಿಲ್ಲ.

"ಕಳಕೊಂಡಿದ್ದಕ್ಕಿಂತ ಮುಚ್ಚಿಟ್ಟಿದ್ದು ದೊಡ್ಡ ಪಾಪ," ಎನ್ನುತ್ತಿದ್ದ ಅಪ್ಪ. "ಅಂಥವನ ಮಾರಿ ನೋಡಬಾರ್ದು."

ನನಗೆ ಅಪ್ಪನೆಂದರೆ ಪ್ರೀತಿಯಿತ್ತು ಎಂದು ಹೇಳಿದರೆ ಅದು ಪೂರ್ತಿ ನಿಜವಲ್ಲ. ಭಯವಿತ್ತು, ಸಿಟ್ಟೂ ಇತ್ತು. ಯಾವುದರಲ್ಲೂ ಸಂಶಯವೇ ಇಲ್ಲದ ಮನುಷ್ಯನ ಜೊತೆ ಒಂದೇ ಮಾಳಿಗೆಯ ಕೆಳಗೆ ಇರುವುದು ಸುಲಭದ ಕೆಲಸವಲ್ಲ. ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾದರೂ ಆತ ಅದನ್ನು ಧರ್ಮದ ಮಾತು ಮಾಡುತ್ತಿದ್ದ. ಅವ್ವ ಮಾತ್ರ ಎದುರು ಮಾತಾಡುತ್ತಿದ್ದಳು. ಅವಳ ತವರು ಹತ್ತಿರದ ಸರಸಂಬಾ, ಒಕ್ಕಲುತನದ ಮನೆ. ಅಲ್ಲಿಯವರು ಜೋರಾಗಿ ನಗುತ್ತಿದ್ದರು, ಜೋರಾಗಿ ಜಗಳಾಡುತ್ತಿದ್ದರು, ಸಂಜೆಗೆ ಮರೆತುಬಿಡುತ್ತಿದ್ದರು. ಅಪ್ಪನಿಗೆ ಆ ಮನೆ ಹಿಡಿಸದು. ಎಷ್ಟೋ ವರ್ಷಗಳಿಂದ ಆತ ಸರಸಂಬಾದ ದಾರಿ ತುಳಿದಿರಲಿಲ್ಲ. ನಾವು ಮಕ್ಕಳು ಮಾತ್ರ ಅವ್ವನ ಜೊತೆ ಹೋಗಿ ಬರುತ್ತಿದ್ದೆವು.

ಅಣ್ಣ ಶರಣಪ್ಪನಿಗೆ ಆಗ ಮೀಸೆ ಚಿಗುರುವ ವಯಸ್ಸು. ನನಗಿಂತ ಆರೇಳು ವರ್ಷ ದೊಡ್ಡವನು. ಓದಿನಲ್ಲಿ ಚುರುಕು, ಅದರಲ್ಲೂ ಫಾರಸಿಯಲ್ಲಿ. ಫಾರಸಿ ಕಲಿಸುವ ಮೌಲವಿ ಸಾಹೇಬರಿಗೆ ಅವನೆಂದರೆ ಬಹಳ ಅಕ್ಕರೆ. ಮಧ್ಯಾಹ್ನದ ನಮಾಜಿಗೆ ಮುಂಚೆ ಅವರು ಸಾಲೆಯ ಬಾವಿಯ ಹತ್ತಿರ ಕೈಕಾಲು ಮುಖ ತೊಳೆಯಲು ಬಂದರೆ ನೀರು ಸೇದಿ ಕೊಡುವವನು ಅಣ್ಣ. ಯಾರೂ ಹೇಳಿದ ಕೆಲಸವಲ್ಲ, ಅವನೇ ಮೈಮೇಲೆ ಹಾಕಿಕೊಂಡದ್ದು. ಆದರೆ ಆ ದಿನಗಳಲ್ಲಿ ಅಣ್ಣ ಸರಿ ಇರಲಿಲ್ಲ. ಸರಸಂಬಾಕ್ಕೆ ಹೋಗಿ ಬಂದಾಗಿನಿಂದ ಊಟ ಕಡಿಮೆ ಮಾಡಿದ್ದ, ಕರೆದರೆ ಬೆಚ್ಚುತ್ತಿದ್ದ. ಪೂಜೆಗೆ ಎಲ್ಲರ ಜೊತೆ ಕೂಡದೆ, ಬೇಗ ಎದ್ದು ಕಂಬದ ಮರೆಯಲ್ಲಿ ಬೆನ್ನು ತಿರುಗಿಸಿ ಮುಗಿಸಿಬಿಡುತ್ತಿದ್ದ. ಹುಡುಗನಿಗೆ ಭಕ್ತಿ ಹೆಚ್ಚಾಗಿದೆ ಎಂದು ಅಪ್ಪ ಹಿಗ್ಗಿದ. ಹೊಟ್ಟೆಯಲ್ಲಿ ಜಂತು ಆಗಿರಬೇಕು ಎಂದು ಅವ್ವ ಬೇವಿನ ರಸ ಕುಡಿಸಿದಳು. ನಾನಂತೂ ಸರಸಂಬಾದ ಯಾವುದೋ ಹುಡುಗಿಯ ಮೇಲೆ ಮನಸ್ಸಾಗಿದೆ ಎಂದು ತೀರ್ಮಾನಿಸಿ, ಆ ಹುಡುಗಿ ಯಾರು ಎಂದು ಪೀಡಿಸಿ ಅವನಿಂದ ತಲೆಗೊಂದು ಮೊಟಕು ತಿಂದೆ.

ಆ ದಿನ ನಾನು ಮಾಳಿಗೆಯ ಮೇಲಿದ್ದೆ. ಕೆಮ್ಮಣ್ಣು ಹಚ್ಚಿದ ತೊಗರಿಯನ್ನು ಅವ್ವ ಬಿಸಿಲಿಗೆ ಹರವಿದ್ದಳು, ಪಾರಿವಾಳ ಕಾಯುವ ಕೆಲಸ ನನ್ನದು. ಅಲ್ಲಿಂದ ಸಾಲೆಯ ಅಂಗಳ ಅಂಗೈಯಲ್ಲಿದ್ದಂತೆ ಕಾಣುತ್ತಿತ್ತು. ಮೌಲವಿ ಸಾಹೇಬರ ಬೆರಳಲ್ಲಿ ಒಂದು ಬೆಳ್ಳಿಯ ಉಂಗುರವಿತ್ತು, ಕೆಂಪು ಕಲ್ಲಿನದು. ಅವರ ತಂದೆ ಹಜ್ಜಿಗೆ ಹೋದಾಗ ತಂದದ್ದು ಎಂದು ಊರಿಗೆಲ್ಲ ಗೊತ್ತಿತ್ತು. ತೊಳೆಯುವಾಗ ಬೆರಳಿನ ಸಂದಿಗೆ ನೀರು ತಾಗಬೇಕೆಂದು ಅದನ್ನು ತೆಗೆದು ಬಾವಿಯ ಕಟ್ಟೆಯ ಮೇಲೆ ಇಡುವುದು ಅವರ ರೂಢಿ. ಅಂದೂ ಇಟ್ಟರು, ಅಣ್ಣ ನೀರು ಹಾಕಿದ, ಅವರು ಒಳಗೆ ಹೋಗಿ ನಮಾಜು ಮಾಡಿದರು. ಹೊರಗೆ ಬಂದು ಕಟ್ಟೆ ನೋಡಿದರೆ ಉಂಗುರವಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಎಷ್ಟೋ ಹುಡುಗರು ಓಡಾಡಿದ್ದರು, ಕಾಗೆಗಳೂ ಇಳಿದಿದ್ದವು. ಆದರೆ ಕಟ್ಟೆಯ ಬಳಿ ಕೊನೆಗೆ ನಿಂತಿದ್ದವನು ಅಣ್ಣ ಎಂದು ಎಲ್ಲರೂ ಹೇಳಿದರು.

ದೊಡ್ಡ ಮಾಸ್ತರರು ಹೈದರಾಬಾದಿನ ಕಡೆಯವರು, ಹೊಸಬರು, ಕನ್ನಡ ಬಾರದವರು. ಕೆಟ್ಟ ಮನುಷ್ಯರಲ್ಲ, ಶಿಸ್ತಿನವರು. ಅಣ್ಣನ ತರಗತಿಯ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ ಜೇಬು, ಟೊಪ್ಪಿಗೆ, ಚೀಲ ತಪಾಸಣೆ ಮಾಡಿಸಿದರು. ಏನೂ ಸಿಗಲಿಲ್ಲ. ಆಗ ಯಾರೋ ಒಬ್ಬ ಹುಡುಗ ಅಣ್ಣನ ಕೊರಳಿನ ಕರಡಿಗೆ ತೋರಿಸಿ, ಇದರಲ್ಲಿ ಉಂಗುರ ಹಿಡಿಸುತ್ತದೆ ಎಂದ. ನಮ್ಮ ಪೈಕಿಯ ಇನ್ನೊಬ್ಬ ಹುಡುಗ ತಾನೇ ತನ್ನ ಕರಡಿಗೆ ಬಿಚ್ಚಿ, ಲಿಂಗ ಅಂಗೈಗೆ ತೆಗೆದು ತೋರಿಸಿ ಮತ್ತೆ ಕಟ್ಟಿಕೊಂಡ. ಸರದಿ ಅಣ್ಣನಿಗೆ ಬಂತು. ಅಣ್ಣ ಎರಡೂ ಕೈಯಲ್ಲಿ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹಿಂದೆ ಸರಿದ. ಯಾರೂ ಮುಟ್ಟುವುದಿಲ್ಲ, ನೀನೇ ಬಿಚ್ಚಿ ತೋರಿಸು ಎಂದು ಮೌಲವಿ ಸಾಹೇಬರು ಎಷ್ಟು ಪರಿಯಿಂದ ಹೇಳಿದರೂ ಅವನು ತಲೆಯಾಡಿಸುತ್ತ ಗೋಡೆಗೆ, ಅಂದರೆ ನಮ್ಮ ಮನೆಯ ಗೋಡೆಗೆ, ಬೆನ್ನು ಹಚ್ಚಿ ನಿಂತುಬಿಟ್ಟ. ಅಲ್ಲಿಗೆ ಎಲ್ಲರ ಮನಸ್ಸಿನಲ್ಲೂ ಅವನೇ ಕಳ್ಳನಾದ. ನಾನು ಮಾಳಿಗೆಯಿಂದ ದಡದಡ ಇಳಿದು ಅವ್ವನಿಗೆ ಹೇಳಿ ಮತ್ತೆ ಮೇಲೆ ಓಡಿದೆ. ಅವ್ವ ಹಿಟ್ಟಿನ ಕೈಯಲ್ಲೇ ನನ್ನ ಹಿಂದೆ ಹತ್ತಿದಳು. ಚಪರಾಸಿ ಅಷ್ಟು ಹೊತ್ತಿಗೆ ಅಪ್ಪನನ್ನು ಕರೆಯಲು ಅಂಗಡಿಗೆ ಹೋಗಿದ್ದ.

ಅಪ್ಪ ಬಂದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಣೆಯ ಮೇಲೆ ವಿಭೂತಿ, ತಲೆಗೆ ರುಮಾಲು, ಕಾಲಲ್ಲಿ ಅವಸರ. ಮಗನನ್ನು ಹೊಡೆಯುತ್ತಾನೆ ಎಂದು ಅವ್ವ ನನ್ನ ಭುಜ ಹಿಸುಕಿದಳು. ಅಪ್ಪ ಹೊಡೆಯಲಿಲ್ಲ. ನಡೆದದ್ದನ್ನೆಲ್ಲ ಮೌಲವಿ ಸಾಹೇಬರಿಂದ ಕೇಳಿಸಿಕೊಂಡ. ಕೇಳಿಸಿಕೊಳ್ಳುತ್ತಿದ್ದಂತೆ ಅವನ ಮುಖದ ಸಿಟ್ಟು ಕರಗಿ ಬೇರೆ ಏನೋ ಬಂತು. ಅದು ಹೆಮ್ಮೆ. ಮಗ ಲಿಂಗದ ಮರ್ಯಾದೆಗಾಗಿ ಸಾಲೆಯನ್ನೇ ಎದುರು ಹಾಕಿಕೊಂಡಿದ್ದಾನೆ ಎಂದು ಅವನು ತಿಳಿದ. ಹೋಗಿ ಅಣ್ಣನ ಮುಂದೆ, ದೊಡ್ಡ ಮಾಸ್ತರರಿಗೆ ಎದುರಾಗಿ ನಿಂತ. ಅಪ್ಪ ನಮ್ಮಲ್ಲಿ ಯಾರದೇ ಪರವಾಗಿ ಹಾಗೆ ನಿಂತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

"ನನ್ನ ಮಗ ಕಳ್ಳ ಅಲ್ರಿ," ಎಂದ. "ಹತ್ತು ಮಂದಿ ಮುಂದ ಲಿಂಗ ತೆಗದು ತೋರಸು ಅಂದ್ರ ಅಂವ ತೋರಸಾಂಗಿಲ್ಲ. ನಾನು ತೋರಸಾಂಗಿಲ್ಲ. ಹಂಗ ಬೆಳಸೇನಿ ಅವನ್ನ."

ಮೌಲವಿ ಸಾಹೇಬರು ನಡುವೆ ನಿಂತು ಆ ಮಾತನ್ನು ಉರ್ದುವಿಗೆ ಮಾಡಿ ಹೇಳಿದರು. ದೊಡ್ಡ ಮಾಸ್ತರರು ಇನ್ನೊಬ್ಬ ಹುಡುಗ ತೋರಿಸಿದ್ದಾನಲ್ಲ ಎಂದು ಕೇಳಿದರು. ಇಳಿಹೊತ್ತಿನ ಅಸರ್ ನಮಾಜಿನೊಳಗೆ ಕರಡಿಗೆ ಬಿಚ್ಚದಿದ್ದರೆ ಹುಡುಗನ ಹೆಸರು ಸಾಲೆಯಿಂದ ತೆಗೆಯುವುದಾಗಿಯೂ, ಪೊಲೀಸು ಅಮೀನರಿಗೆ ಸುದ್ದಿ ಕಳಿಸುವುದಾಗಿಯೂ ಹೇಳಿದರು. ಅಮೀನರ ಹೆಸರು ಕೇಳಿ ಅವ್ವ ಮಾಳಿಗೆಯ ಮೇಲೆ ಕುಸಿದು ಕೂತಳು. ಅಪ್ಪ ಮಾತ್ರ ಜಗ್ಗಲಿಲ್ಲ.

"ಅವಗ ನೇಮ ಇಲ್ಲ, ತೋರಿಸ್ಯಾನ. ನಮ್ಮದು ಹಂಗಲ್ರಿ. ಜಳಕ ಮಾಡಿ ಪೂಜಿಗೆ ಕೂತಾಗಷ್ಟ ಕರಡಿಗಿ ತೆಗೀಬೇಕು. ಮನಿ ಇಲ್ಲೇ ಬಾಜೂಕ ಅದ. ಜಳಕ ಮಾಡಿಸಿ ಕರ್ಕೊಂಡ್ ಬರ್ತೇನಿ. ನಿಮ್ಮ ಮುಂದ, ಅವನ ಕೈಯಿಂದನ ತೆಗಸ್ತೇನಿ."

ಮನೆಗೆ ಹೋದರೆ ಒಳಗಿದ್ದದ್ದು ಬದಲಾಗಿ ಬರಬಹುದಲ್ಲ ಎಂದು ಹಿಂದಿನಿಂದ ಯಾರೋ ಗೊಣಗಿದರು. ಆಗ ಅಪ್ಪ ಮಾಡಿದ ಕೆಲಸ ಯಾರೂ ಕೇಳಿದ್ದಲ್ಲ. ತನ್ನ ಕೊರಳಿನ ಕರಡಿಗೆಯನ್ನು ಬಲಗೈಯಲ್ಲಿ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದ:

"ಇದನ್ನ ಹಿಡದು ಆಣಿ ಮಾಡ್ತೇನಿ. ನನ್ನ ಮಗನ ಕರಡಿಗ್ಯಾಗ ಈಗ ಏನದನೋ ಅದ ನಿಮ್ಮ ಮುಂದ ಬರ್ತದ. ಕಡ್ಡಿ ಹೆಚ್ಚಿಲ್ಲ, ಕಡ್ಡಿ ಕಮ್ಮಿ ಇಲ್ಲ."

ಮೌಲವಿ ಸಾಹೇಬರು ದೊಡ್ಡ ಮಾಸ್ತರರ ಕಡೆ ತಿರುಗಿ, ಗುರಣ್ಣ ಸೇಠ್ ಜಬಾನ್ ದಿಯೆ ತೋ ಬಸ್ ಹೈ ಎಂದರು. ಆತನ ಮಾತು ಬಂತೆಂದರೆ ಮುಗಿಯಿತು, ಇನ್ನೇನೂ ಬೇಡ ಎಂದು. ಉಂಗುರ ಕಳೆದುಕೊಂಡವರೇ ಹಾಗೆಂದ ಮೇಲೆ ಯಾರು ಬೇಡ ಎನ್ನುತ್ತಾರೆ. ಅಪ್ಪ ಅಣ್ಣನ ರಟ್ಟೆ ಹಿಡಿದು ಕರೆದುಕೊಂಡು ಬಂದ. ಮೇಲಿಂದ ನಾನು ಅಣ್ಣನ ಮುಖ ನೋಡಿದೆ. ಬಿಡುಗಡೆಯಾದ ಹುಡುಗನ ಮುಖವಾಗಿರಲಿಲ್ಲ ಅದು.

ಮನೆಯೊಳಗೆ ಬಂದ ಅಪ್ಪ ಹಬ್ಬದ ದಿನದ ಹಾಗೆ ಓಡಾಡಿದ. ನೀರು ಕಾಯಿಸು ಎಂದ, ಬೇಡ ತಣ್ಣೀರೇ ಆಗಲಿ ಎಂದ, ಒಗೆದ ಧೋತರ ಕೊಡು ಎಂದ. ಅಣ್ಣ ಬಚ್ಚಲಿಗೆ ಹೋದ, ನೀರು ಸುರಿದುಕೊಂಡ ಸಪ್ಪಳವೂ ಕೇಳಿತು, ಹೊರಗೆ ಮಾತ್ರ ಬರಲೊಲ್ಲ. ಅವ್ವ ಕರೆದಳು, ಅಪ್ಪ ಕರೆದ. ಕೊನೆಗೆ ಒದ್ದೆ ಮೈಯಲ್ಲೇ ಬಂದು ದೇವರ ಕೋಣೆಯ ಹೊಸ್ತಿಲಲ್ಲಿ ನಿಂತ. ಅಪ್ಪ ತನ್ನ ಮಣೆಯ ಪಕ್ಕ ಇನ್ನೊಂದು ಮಣೆ ಹಾಕಿದ್ದ. ಬಾ, ನನ್ನ ಬಾಜೂಕ ಕೂಡು ಎಂದ. ಆ ದನಿಯಲ್ಲಿ ಇದ್ದ ಪ್ರೀತಿ ಕೇಳಿ ನನಗೇ ಹೊಟ್ಟೆಕಿಚ್ಚಾಯಿತು. ಅಣ್ಣ ಕೂತ. ಕರಡಿಗೆಯ ಮೇಲೆ ಕೈ ಇಟ್ಟ. ಬಿಚ್ಚಲಿಲ್ಲ. ಅಪ್ಪ ಕಾಯ್ದ. ಅವ್ವ ಅಡುಗೆಮನೆಯ ಬಾಗಿಲಲ್ಲಿ, ನಾನು ಅವಳ ಸೀರೆಯ ಹಿಂದೆ.

"ಅಪ್ಪಾ," ಎಂದ ಅಣ್ಣ, "ಒಳಗ ಏನೂ ಇಲ್ಲ."

ಉಂಗುರವಿಲ್ಲ ಎನ್ನುತ್ತಿದ್ದಾನೆ ಎಂದು ಅಪ್ಪ ತಿಳಿದ. ನನಗೆ ಗೊತ್ತದ ಎಂದ. ಅಣ್ಣ ಕರಡಿಗೆ ಬಿಚ್ಚಿ ಅಪ್ಪನ ಮುಂದೆ ಹಿಡಿದ. ಒಳಗೆ ಲಿಂಗವೂ ಇರಲಿಲ್ಲ. ಬೆಳ್ಳಿಯ ಬರಿ ತಳ ಹೊಳೆಯುತ್ತಿತ್ತು. ಸರಸಂಬಾದ ಹೊಲದ ಬಾವಿಯ ಮೆಟ್ಟಿಲ ಮೇಲೆ ಜಳಕ ಮಾಡಿ ಪೂಜೆಗೆ ಕೂತಾಗ ಒದ್ದೆ ಅಂಗೈಯಿಂದ ಜಾರಿ ನೀರಿಗೆ ಬಿದ್ದಿತ್ತು. ಮುಳುಗಿ ಮುಳುಗಿ ಹುಡುಕಿದ್ದ, ಸಿಕ್ಕಿರಲಿಲ್ಲ. ಹೇಳಲು ಧೈರ್ಯ ಬಂದಿರಲಿಲ್ಲ. ಅಂದಿನಿಂದ ಕಂಬದ ಮರೆಯಲ್ಲಿ ಬರಿ ಅಂಗೈಯನ್ನೇ ನೋಡುತ್ತ ಕೂತು ಎದ್ದು ಬರುತ್ತಿದ್ದ. ಇದನ್ನೆಲ್ಲ ಅವನು ತುಂಡು ತುಂಡಾಗಿ ಹೇಳಿದ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಮುಚ್ಚಿಟ್ಟವನ ಮುಖ ನೋಡಬಾರದು ಎನ್ನುತ್ತಿದ್ದ ಅಪ್ಪ ಅಣ್ಣನ ಮುಖವನ್ನೇ ನೋಡುತ್ತ ಕೂತಿದ್ದ. ನನಗೆ ಆಗ ಆದ ಭಯ ಅಮೀನರ ಭಯವಲ್ಲ. ಈ ಮನೆಯಲ್ಲಿ ಇನ್ನು ಅಣ್ಣನಿಗೆ ಜಾಗವಿಲ್ಲ ಎಂಬ ಭಯ.

ಗೋಡೆಯ ಆಚೆ ಹುಡುಗರ ಗದ್ದಲ ಕೇಳುತ್ತಿತ್ತು. ಅವರೆಲ್ಲ ಕಾಯುತ್ತಿದ್ದರು.

"ಉಂಗುರ ನೀ ತೊಗೊಂಡೀಯೇನು?" ಅಪ್ಪ ಕೇಳಿದ.

"ಇಲ್ಲಪ್ಪಾ."

ಆ ಒಂದು ಉತ್ತರವನ್ನು ನಂಬಲು ಅಪ್ಪನ ಹತ್ತಿರ ಏನಿತ್ತು? ಇಷ್ಟು ದಿನ ತನ್ನ ಕಣ್ಣೆದುರೇ ಪೂಜೆಯ ನಾಟಕವಾಡಿದ ಹುಡುಗ. ಈಗಷ್ಟೇ ಸಿಕ್ಕಿಬಿದ್ದ ಸುಳ್ಳುಗಾರ. ನಾನು ಅಪ್ಪನ ಜಾಗದಲ್ಲಿದ್ದರೆ ನಂಬುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಎದೆ ಮುಟ್ಟಿ ಹೇಳಲಾರೆ. ಅಪ್ಪ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಆತ ಯೋಚಿಸುತ್ತಿದ್ದದ್ದು ಬೇರೆ. ಖಾಲಿ ಕರಡಿಗೆಯನ್ನು ಹಾಗೇ ಒಯ್ದು ತೋರಿಸಿದರೆ ಆಣೆ ಉಳಿಯುತ್ತದೆ. ಆದರೆ ನೋಡಿದವರು ಏನೆಂದುಕೊಳ್ಳುತ್ತಾರೆ ಎಂಬುದನ್ನು ಆತ ಬಾಯಿಬಿಟ್ಟೇ ಅವ್ವನಿಗೆ ಹೇಳಿದ.

"ಉಂಗುರ ಇಡ್ಲಾಕ ಜಾಗಾ ಮಾಡಿಕೊಂಡು ಲಿಂಗ ಒಗದಾನ ಅಂತಾರ. ಹುಡುಗ ಕಳ್ಳನೂ ಆದ, ಲಿಂಗಗೇಡಿನೂ ಆದ. ಈ ಊರಾಗ ಅವಗ ಮುಂದ ಏನು ಉಳೀತು?"

"ಅಯ್ಯನೋರ ಕಡೆ ಓಡ್ರಿ," ಎಂದಳು ಅವ್ವ. ಅಯ್ಯನವರೆಂದರೆ ನಮ್ಮ ಮನೆತನಕ್ಕೆ ಲಿಂಗ ಕಟ್ಟುವ ಮಠದ ಗುರುಗಳು. "ಕಾಲು ಹಿಡದು ಒಂದು ಲಿಂಗ ಬೇಡಿ ತರ್ರಿ."

"ಅವರು ಅಫಜಲಪುರಕ್ಕ ಹೋಗ್ಯಾರ."

"ಹಂಗಾದ್ರ ನಂದು ಕೊಡ್ತೇನಿ." ಅವ್ವ ಆಗಲೇ ಕೊರಳಿಗೆ ಕೈ ಹಾಕಿದ್ದಳು. ನಾನೂ ನನ್ನ ಕರಡಿಗೆ ಹಿಡಿದುಕೊಂಡೆ. ಕೊಡಲೋ, ಉಳಿಸಿಕೊಳ್ಳಲೋ, ನನಗೇ ತಿಳಿಯದು.

"ನೀ ಸುಮ್ಮಕಿರು ಬೇ," ಎಂದ ಅಪ್ಪ. ದನಿ ಏರಿಸಲಿಲ್ಲ. "ಆಣಿ ಮಾಡಿದಂವ ನಾನು. ಮುರದ ಪಾಪ ಎರಡು ಮಂದಿಗಿ ಯಾಕ?"

ತನ್ನ ಕೊರಳಿನ ಶಿವದಾರಕ್ಕೆ ಕೈ ಹಾಕಿ ಅಪ್ಪ ಕರಡಿಗೆ ಬಿಚ್ಚಿದ. ಲಿಂಗವನ್ನು ಅಂಗೈಗೆ ತೆಗೆದುಕೊಂಡು ನೋಡುತ್ತ ಕೂತ. ಏನಾದರೂ ಮಂತ್ರ ಹೇಳುತ್ತಾನೆ ಎಂದುಕೊಂಡೆ, ಹೇಳಲಿಲ್ಲ. ಆಮೇಲೆ ಅದನ್ನು ಅಣ್ಣನ ಕರಡಿಗೆಯೊಳಗೆ ಇಟ್ಟು, ಮುಚ್ಚಿ, ತನ್ನ ಕೈಯಾರೆ ಅವನ ಕೊರಳಿಗೆ ಸರಿಮಾಡಿ ಕಟ್ಟಿದ. ಚಿಕ್ಕಂದಿನಲ್ಲಿ ನಮಗೆಲ್ಲ ಅಂಗಿಯ ಗುಂಡಿ ಹಾಕುವವಳು ಅವ್ವ. ಅಪ್ಪ ಮಗನ ಮೈ ಮುಟ್ಟಿ ಏನಾದರೂ ತೊಡಿಸಿದ್ದು ನಾನು ನೋಡಿದ್ದು ಅದೊಂದೇ ಸಲ. ಅಣ್ಣ ಅಳುತ್ತಿದ್ದ. ಹಣೆಗೆ ವಿಭೂತಿ ಹಚ್ಚಿ, ಮುಖ ಒರೆಸಿಕೊಂಡು ನಡಿ ಎಂದ ಅಪ್ಪ. ತನ್ನ ಖಾಲಿ ಕರಡಿಗೆಯನ್ನೂ ಮುಚ್ಚಿ ಎದೆಯ ಮೇಲೆ ಹಾಗೇ ಬಿಟ್ಟುಕೊಂಡ.

ನಾವು ಮತ್ತೆ ಮಾಳಿಗೆ ಹತ್ತಿದೆವು. ಅವ್ವ ನಿಂತಲ್ಲಿ ನಿಲ್ಲಲಾರದೆ ತೊಗರಿಯ ಮೇಲೆಯೇ ಓಡಾಡುತ್ತಿದ್ದಳು, ಕಾಲೆಲ್ಲ ಕೆಮ್ಮಣ್ಣು. ಸಾಲೆಯ ಅಂಗಳದಲ್ಲಿ ಅಣ್ಣ ಶುಭ್ರವಾದ ಧೋತರ ಉಟ್ಟು ನಿಂತು, ಕರಡಿಗೆ ಬಿಚ್ಚಿ, ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡ. ದೊಡ್ಡ ಮಾಸ್ತರರು ಕುರ್ಚಿಯಿಂದ ಎದ್ದು ನಿಂತರು. ಬರಿದಾದ ಕರಡಿಗೆಯನ್ನು ಅಣ್ಣ ಬೋರಲು ಹಾಕಿ ತೋರಿಸಲು ಹೋದ. ಮೌಲವಿ ಸಾಹೇಬರು ಸಾಕು ಸಾಕು ಎಂದು ಮುಖ ತಿರುಗಿಸಿದರು. ಆಮೇಲೆ ಅವರು ಅಣ್ಣನನ್ನು ಅಪ್ಪಿಕೊಂಡರು, ಮುದುಕರ ಗಡ್ಡ ಒದ್ದೆಯಾಗಿತ್ತು. ಅಪ್ಪನ ಹತ್ತಿರ ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಸೇಠ್, ನಮ್ಮ ಕಡಿಂದ ತಪ್ಪಾತು. ಮಾಫ್ ಮಾಡ್ರಿ. ಒಂದು ಉಂಗುರಕ್ಕ ನಿಮ್ಮ ಧರಮಕ್ಕ ಕೈ ಹಾಕಿದಂಗಾತು."

"ನೀವು ಮಾಫಿ ಕೇಳಬ್ಯಾಡ್ರಿ," ಎಂದ ಅಪ್ಪ. "ನನ್ನ ಮುಂದ ಮಾತ್ರ ಕೇಳಬ್ಯಾಡ್ರಿ."

ಕೈ ಬಿಡಿಸಿಕೊಂಡು ಹೊರಟುಬಿಟ್ಟ. ಸೇಠ್‌ಗೆ ಇನ್ನೂ ಸಿಟ್ಟು ಇಳಿದಿಲ್ಲ ಎಂದು ಜನ ಮಾತಾಡಿಕೊಂಡರು. ಸಂಜೆಯ ಹೊತ್ತಿಗೆ ಪೇಟೆಯಲ್ಲೆಲ್ಲ ಅಪ್ಪನ ನೇಮದ ಹೊಗಳಿಕೆ. ಮನೆಗೆ ಬಂದವರೆಲ್ಲ ಅದನ್ನೇ ಹೇಳಿದರು, ಅಪ್ಪ ಗೋಡೆಯ ಕಡೆ ಮುಖ ಮಾಡಿ ಕೂತು ಕೇಳಿದ. ಅವರು ಹೋದ ಮೇಲೆ ಅಣ್ಣ ಕರಡಿಗೆ ಬಿಚ್ಚಿ ಲಿಂಗವನ್ನು ವಾಪಸು ಕೊಡಲು ಬಂದ.

"ಇಟ್ಕೊ," ಎಂದ ಅಪ್ಪ. "ಇನ್ನ ಮ್ಯಾಲ ಅದು ನಿಂದು."

"ನಾ ಅಯ್ಯನೋರ ಮುಂದ ಹೇಳ್ತೇನಪ್ಪಾ, ನಂದು ಬಾವ್ಯಾಗ ಬಿತ್ತು ಅಂತ."

"ಯಾವಾಗ ಬಿತ್ತು ಅಂತ ಕೇಳ್ತಾರ. ಇವತ್ತು ಸಾಲ್ಯಾಗ ತೋರಿಸಿದ್ದು ಯಾರದು ಅಂತ ಕೇಳ್ತಾರ. ಮತ್ತ ಅದ ಅಂಗಳದಾಗ ಒಯ್ದು ನಿಲ್ಲಸ್ತಾರ ನಿನ್ನ. ಕಳಕೊಂಡಂವ ನಾನು. ತಿಳೀತಿಲ್ಲೊ?"

ಅಣ್ಣ ಹೂಂ ಎಂದು ತಲೆಯಾಡಿಸಿದ. ಅಪ್ಪ ಅಂದು ಊಟಕ್ಕೆ ಏಳಲಿಲ್ಲ. ಲಿಂಗವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ನೀರಿಲ್ಲ. ನೇಮವನ್ನು ಒಂದು ಕಡೆ ಮುರಿದವನು ಇನ್ನೊಂದು ಕಡೆ ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಅವ್ವ ಬೈದಳು, ಬೇಡಿದಳು, ತಂಬಿಗೆ ಎದುರಿಗೆ ತಂದಿಟ್ಟಳು. ಅಯ್ಯನವರನ್ನು ಕರೆತರಲು ಆಳನ್ನು ಅಫಜಲಪುರಕ್ಕೆ ಅಟ್ಟಿದಳು. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಒಂದು ಕಡೆ ನಿಲ್ಲಲಿಲ್ಲ. ಅಣ್ಣ ಬಾಗಿಲಿಂದ ಬಚ್ಚಲಿಗೆ, ಬಚ್ಚಲಿಂದ ಬಾಗಿಲಿಗೆ. ನಾನು ಕೆಳಗಿಂದ ಮೇಲಕ್ಕೆ. ಅಪ್ಪನೊಬ್ಬನೇ ಒಣಗಿದ ತುಟಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ. ನನಗೆ ಮೊಟ್ಟಮೊದಲ ಸಲ ಆತನ ಪಕ್ಕದಲ್ಲಿ ಹೋಗಿ ಕೂಡಬೇಕೆನಿಸಿತು. ಹೋಗಿ ಕೂತೆ. ಯಾಕೆ ಎಂದು ಕೇಳಲಿಲ್ಲ, ಏಳು ಎಂದೂ ಹೇಳಲಿಲ್ಲ. ಅಪ್ಪನ ಮೇಲೆ ನನಗಿರುವ ಪ್ರೀತಿಯ ವಯಸ್ಸನ್ನು ನಾನು ಅಲ್ಲಿಂದ ಎಣಿಸುತ್ತೇನೆ.

ಆ ಉಂಗುರ ಸಿಗಲೇ ಇಲ್ಲ. ಬಾವಿಗೆ ಜನ ಇಳಿಸಿದರು, ಮೋರಿ ತೋಡಿಸಿದರು. ಕಾಗೆ ಒಯ್ದಿತೋ, ಬೇರೆ ಹುಡುಗ ಒಯ್ದನೋ, ದೇವರೇ ಬಲ್ಲ. ಸಿಕ್ಕಿದ್ದರೆ ಅಪ್ಪನಿಗೆ ಎಷ್ಟು ಹಗುರವಾಗುತ್ತಿತ್ತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಮುಂದೆ ಅಣ್ಣ ಓದಿ ದೊಡ್ಡವನಾದ, ಸಂಸಾರಸ್ಥನಾದ. ಅಪ್ಪ ಸಾಯುವ ತನಕ ಆ ಪ್ರಶ್ನೆಯನ್ನು ಎರಡನೆಯ ಸಲ ಅವನಿಗೆ ಕೇಳಲಿಲ್ಲ. ಆ ಇಲ್ಲಪ್ಪಾ ಎಂಬ ಒಂದು ಮಾತಿನ ಮೇಲೆಯೇ ಉಳಿದಷ್ಟು ವರ್ಷ ಬದುಕಿದ. ಕಟ್ಟುನಿಟ್ಟಿನ ಮನುಷ್ಯರನ್ನು ಕಂಡರೆ ಈಗಲೂ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಆದರೂ ಅವರ ಎದುರಿಂದ ಎದ್ದು ಹೋಗುವ ಮುಂಚೆ ಇನ್ನೊಂದು ಸಲ ತಿರುಗಿ ನೋಡುತ್ತೇನೆ.

ಅಪ್ಪ ನೀರು ಬಿಟ್ಟ ಮೂರನೆಯ ದಿನ ಬೆಳಿಗ್ಗೆ ಅಯ್ಯನವರು ಬಂದರು. ದಾರಿಯ ಧೂಳೂ ಕೊಡವಿರಲಿಲ್ಲ. ಸುದ್ದಿ ಹೇಗೆ ಹಬ್ಬಿತೋ, ಅವರ ಹಿಂದೆ ಓಣಿಯ ಹಿರಿಯರೂ ಬಂದು ಪಡಸಾಲೆಯಲ್ಲಿ ಕೂತರು. ಗುರಣ್ಣ ಸೇಠ್‌ನ ನೇಮವನ್ನು ಹೊಗಳಿ ಹೋದವರೇ ಅವರು. ಅಪ್ಪ ಎಲ್ಲರಿಗಿಂತ ಕೆಳಗೆ, ಬರಿ ನೆಲದ ಮೇಲೆ ಕೂತಿದ್ದ. ಎದ್ದು ನಮಸ್ಕರಿಸಲು ಹೋಗಿ ತೂರಾಡಿದ, ಅವ್ವ ಹಿಡಿದುಕೊಂಡಳು. ಅಣ್ಣ ಸಾಲೆಗೆ ಸಿದ್ಧನಾಗಿ, ಬಗಲಲ್ಲಿ ಪುಸ್ತಕ ಇಟ್ಟುಕೊಂಡು ಬಾಗಿಲ ಹತ್ತಿರ ನಿಂತಿದ್ದ.

"ಕಳೀತು ಅಂತ ಕೇಳಿದ್ನಿ, ಖರೇ ಏನು ಗುರಣ್ಣ?" ಎಂದರು ಅಯ್ಯನವರು.

"ಖರೇರಿ."

"ಹ್ಯಾಂಗ ಕಳೀತು?"

"ಬಾವ್ಯಾಗ ಬಿತ್ರಿ. ಸರಸಂಬಾದಾಗ."

ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ಮುದುಕರೊಬ್ಬರು ಸದ್ದಿಲ್ಲದೆ ತಮ್ಮ ಚಾಪೆಯನ್ನು ಅಪ್ಪನಿಂದ ಒಂದಿಷ್ಟು ದೂರ ಎಳೆದುಕೊಂಡರು.

"ಬಿದ್ದ ಕೂಡಲೆ ಹೇಳಿದಿ ಏನು? ಇಲ್ಲಾ ಮುಚ್ಚಿಟ್ಟಿ?"

ಅಪ್ಪ ಅಯ್ಯನವರನ್ನೇ ನೋಡಿ ಹೇಳಿದ: "ಮುಚ್ಚಿಟ್ಟೆರಿ."

ಅಣ್ಣ ಪುಸ್ತಕ ಕೆಳಗಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಬಾಯಿ ತೆರೆದಿದ್ದ, ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಪ್ಪ ತಿರುಗಿ ನೋಡಿದ.

"ಶರಣ್ಯಾ, ಸಾಲಿ ಗಂಟಿ ಆತು," ಎಂದ. "ನಡಿ."

ಗಂಟೆ ಇನ್ನೂ ಆಗಿರಲಿಲ್ಲ. ಅಣ್ಣ ಬಗ್ಗಿ ಪುಸ್ತಕ ಎತ್ತಿಕೊಂಡು ಹೋದ.